ಎಂಟು ದಿನದ ಹಿರಿಯ

ಮಗ ಯುದ್ಧದಲ್ಲಿ ತೀರಿಕೊಂಡ ಐದು ತಿಂಗಳಿಗೆ ಅವನ ಜೊತೆಗಾರ ಸೈನಿಕನೊಬ್ಬ ಲೈನ್‌ಮನ್‌ನನ್ನು ಹುಡುಕಿಕೊಂಡು ಕರೆಂಟ್ ಆಫೀಸಿಗೇ ಬಂದ. ತಂತಿ ಸುರುಳಿಗಳ ನಡುವೆ ಕೂತು ಅವನು ಹೇಳಿದ್ದನ್ನು ಕೇಳಿ ಲೈನ್‌ಮನ್ ಅವನ ಎರಡೂ ಕೈ ಹಿಡಿದುಕೊಂಡ.

"ಇದನ್ನ ಮನೇಲಿ ಹೇಳ್ಬೇಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ. ನಮ್ಮವಳು ಈ ಜನ್ಮದಲ್ಲಿ ನನ್ನ ಮುಖ ನೋಡಲ್ಲ."

ಮೂವತ್ತು ವರ್ಷ ಕಂಬ ಹತ್ತಿದ ಮನುಷ್ಯ. ಮೀಸೆ ಚಿಗುರುವ ಮೊದಲೇ ಮಗನನ್ನು ಜೊತೆಗೆ ಕರೆದೊಯ್ದು, ಕಿವಿ ಹಿಂಡಿ ಕಲಿಸಿದ್ದು ಒಂದೇ ಪಾಠ: ಬುಡ ಕೊಳೆತ ಕಂಬಕ್ಕೆ ಹಿರಿಯ ಹತ್ತಬೇಕು, ಕಿರಿಯ ಏಣಿ ಹಿಡಿಯಬೇಕು. ಮಗನೋ ಮಹಾ ತಲೆಹರಟೆ. "ಹಾಗಾದ್ರೆ ಹಿರಿಯರೆಲ್ಲ ಬಿದ್ದು ಬಿದ್ದು ಖಾಲಿ ಆಗಲ್ವೇನಪ್ಪ?" ಎಂದು ನಕ್ಕಿದ್ದ. ಆದರೆ ಕೆಲಸಕ್ಕೆ ನಿಂತ ಮೇಲೆ ತನಗಿಂತ ಚಿಕ್ಕವನನ್ನು ಒಂದು ದಿನವೂ ಅಂಥ ಕಂಬ ಹತ್ತಿಸಲಿಲ್ಲ. ಎಂಥ ಹುಡುಗ! ಸೈನ್ಯದಲ್ಲೂ ಅವನಿಗೆ ಟೆಲಿಫೋನ್ ತಂತಿಯ ಕೆಲಸವೇ ಸಿಕ್ಕಿತ್ತು. ಅಪ್ಪನ ಪಾಠವೇ ಅವನ ಜೀವ ತೆಗೆದದ್ದು ಇವತ್ತು ಗೊತ್ತಾಗಿತ್ತು.

ಇಬ್ಬರೂ ಮನೆಗೆ ಬಂದಾಗ ತಾಯಿ ಕಿಟಕಿಯ ಪಕ್ಕ ಕೂತು ಅಂಗಡಿಯವರ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಬಂದವನನ್ನು ಕೂರಿಸಿ, ನೀರು ಕೊಟ್ಟು, ನೇರವಾಗಿ ಕೇಳಿದಳು.

"ನನ್ನ ಮಗ ಹೇಗೆ ಹೋದ?"

ಸೈನಿಕ ಲೈನ್‌ಮನ್ ಕಡೆ ನೋಡಿದ. ಲೈನ್‌ಮನ್ ಬಾಗಿಲ ಚಿಲಕ ಹಿಡಿದು ನಿಂತಿದ್ದ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ.

"ಏನ್ರೀ, ನಿಮ್ಮ ಮುಖ ಯಾಕೆ ಹೀಗೆ ಬಿಳಿಚ್ಕೊಂಡಿದೆ?"

ಹೆಂಡತಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡ ಚರಿತ್ರೆ ಅವನಿಗಿರಲಿಲ್ಲ.

"ನಾನೇ ಕಣೇ ಅವನನ್ನ ಕೊಂದಿದ್ದು! ಶೆಲ್ ಬಿದ್ದು ತಂತಿ ತುಂಡಾಗಿತ್ತಂತೆ. ಜೋಡಿಸೋ ಸರದಿ ಇಲ್ಲಿ ಕೂತಿರೋ ಇವನದು. ನಮ್ಮವನು ಬಿಡ್ಲಿಲ್ವಂತೆ. ಹಿರಿಯನೇ ಹೋಗ್ಬೇಕು, ಇದು ನಮ್ಮಪ್ಪನ ರೂಲು ಅಂದನಂತೆ. ಹಾಳು ನಾಲಿಗೆ ನನ್ನದು!"

ತಾಯಿ ಸೈನಿಕನ ಕಡೆ ತಿರುಗಿದಳು. "ನಿನಗಿಂತ ಎಷ್ಟು ಹಿರಿಯ?"

"ಎಂಟು ದಿನ ಅಮ್ಮಾ. ಎಂಟು ದಿನ ಮೊದಲು ಸೇರಿದ್ದ, ಅಷ್ಟೇ. ತಂತಿ ಜೋಡಿಸಿ ವಾಪಸ್ ಬರೋವಾಗ ಇನ್ನೊಂದು ಶೆಲ್ ಬಿತ್ತು. ಆ ಫೋನಿಂದ ಸಹಾಯ ಬಂದು ನಾವು ಹದಿನೇಳು ಜನ ಉಳಿದ್ವಿ."

"ಎಂಟೇ ದಿನಕ್ಕೆ ಯಜಮಾನಿಕೆ ಮಾಡಿದ್ನಾ, ಪೋರ!" ಎಂದು ನಗಲು ಹೋದವಳು, ಕೈಯಲ್ಲಿದ್ದ ಅಂಗಿಯಲ್ಲೇ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು. ಹತ್ತಿರ ಹೋಗಲು ಲೈನ್‌ಮನ್‌ಗೆ ಧೈರ್ಯ ಬರಲಿಲ್ಲ.

ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯೆತ್ತಿದಳು.

"ಮಕ್ಕಳಿದ್ದಾರೇನಪ್ಪ ನಿನಗೆ?"

"ಒಬ್ಬಳು ಮಗಳು. ಮೂರು ತಿಂಗಳು."

ಅವಳು ಎದ್ದು, ಗಂಡನ ಕೈ ಹಿಡಿದು ತಂದು ಪಕ್ಕದಲ್ಲಿ ಕೂರಿಸಿಕೊಂಡಳು.

"ಸ್ವಲ್ಪ ದೊಡ್ಡವಳಾದ ಮೇಲೆ ಕರ್ಕೊಂಡು ಬಾ," ಎಂದಳು. "ಇವರ ಹತ್ರ ಪಾಠ ಕಲೀಲಿ."