ಮೈನಸ್ ಆರರ ಫ್ರೀಝರ್

ನನ್ನ ಗಂಡ ಸಮದ್ ದುಬೈಯಲ್ಲಿದ್ದಷ್ಟು ವರ್ಷವೂ ರೂಮಿನ ಎಸಿ ರಿಮೋಟ್ ಅವರ ಕೈಯಲ್ಲೇ ಇತ್ತಂತೆ. ಇಪ್ಪತ್ತನಾಲ್ಕಕ್ಕಿಂತ ಹದಿನಾರು ತಂಪು, ಅಂಕಿ ಸಣ್ಣದಾದಷ್ಟೂ ಚಳಿ ಹೆಚ್ಚು. ಗಲ್ಫ್ ಬಿಟ್ಟು ಶಕ್ತಿನಗರದ ಮನೆಗೆ ಬರುವಾಗ ಸೂಟ್‌ಕೇಸಿನ ಜೊತೆ ತಂದ ಜ್ಞಾನ ಇದು.

ನಾನು ಮನೆಯಲ್ಲೇ ಐಸ್‌ಕ್ರೀಂ ಮಾಡಿ ಮಾರುತ್ತೇನೆ. ಹಿಂದಿನ ಕೋಣೆಯಲ್ಲಿ ನನ್ನ ಎರಡು ಫ್ರೀಝರ್‌ಗಳಿವೆ. ಹೊಸದು ಮೈನಸ್ ಹದಿನೆಂಟು ತೋರಿಸುತ್ತದೆ, ಐಸ್‌ಕ್ರೀಂ ಇಡುವುದು ಅದರಲ್ಲಿ. ಹಳೆಯದು ಏನು ಮಾಡಿದರೂ ಮೈನಸ್ ಆರಕ್ಕಿಂತ ಕೆಳಗಿಳಿಯುವುದಿಲ್ಲ, ಅದರಲ್ಲಿ ಹಣ್ಣಿನ ತಿರುಳು ಮಾತ್ರ.

ಆ ಶನಿವಾರ ಸಂಜೆ ನೆರೆಮನೆಯ ಗೆರ್ಟ್ರೂಡ್ ಬಾಯಿಯ ಮಗಳ ಮದುವೆಯ ಊಟಕ್ಕೆ ನಾನು ಎಳನೀರು ಬೊಂಡದ ಐಸ್‌ಕ್ರೀಂ ಕೊಡಬೇಕಿತ್ತು. ಅಷ್ಟು ದೊಡ್ಡ ಆರ್ಡರ್ ಮೊದಲನೆಯದು. ಜನರಿಗೆ ಹಿಡಿಸಿದರೆ ಮುಂದಿನ ಎಲ್ಲ ಮದುವೆಗಳಿಗೂ ನನ್ನಿಂದಲೇ ತರಿಸುತ್ತೇನೆ ಎಂದು ಊಟದ ಕಂಟ್ರಾಕ್ಟ್ ಹಿಡಿದಿದ್ದ ಮೊರಿಸ್ ಹೇಳಿದ್ದರು. ಡಬ್ಬಗಳನ್ನೆಲ್ಲ ತುಂಬಿಸಿಟ್ಟು, ಬೆಳಿಗ್ಗೆ ಮದುವೆಯ ಹಾಲ್ ನೋಡಲು ಕೊಡಿಯಾಲ್‌ಬೈಲಿಗೆ ಹೋದೆ.

ಟ್ರಾಫಿಕ್ಕಿನಲ್ಲಿ ಒದ್ದಾಡಿ ಮನೆ ಸೇರಿದಾಗ ಮಧ್ಯಾಹ್ನ ಕಳೆದಿತ್ತು. ಹೊಸ ಫ್ರೀಝರಿನ ದೀಪ ಆರಿತ್ತು. ಮುಚ್ಚಳ ತೆಗೆದರೆ ಖಾಲಿ.

“ಇಲ್ಲಿದ್ದದ್ದನ್ನು ಎಂತ ಮಾಡಿದ್ರಿ?”

“ಹಳೆಯದಕ್ಕೆ ಹಾಕಿದೆ,” ಎಂದರು ಸಮದ್. ಮುಖದಲ್ಲಿ ಏನು ಕಳೆ! “ಅದು ಆರು, ಇದು ಹದಿನೆಂಟು. ಹೊಸದು ಹಾಳಾಗಿದೆ ಮಾರಾಯ್ತಿ. ಸುಮ್ಮನೆ ಕರೆಂಟ್ ಯಾಕೆ ಅಂತ ಆಫ್ ಮಾಡಿದೆ.”

“ಅಂಕಿಯ ಎದುರು ಒಂದು ಗೆರೆ ಉಂಟಲ್ಲ, ಕಾಣ್ಲಿಲ್ವಾ?”

“ಎರಡರಲ್ಲೂ ಉಂಟು. ಮತ್ತೆ ಅದನ್ನು ನೋಡ್ಲಿಕ್ಕೆ ಎಂತ ಉಂಟು?”

ಯಾ ಅಲ್ಲಾಹ್! ತಲೆ ಚಚ್ಚಿಕೊಳ್ಳಬೇಕೆನಿಸಿತು.

“ಮಾಲ್‌ಗೆ ಹೋದ್ರೆ ಕಾರು ಎಲ್ಲಿ ನಿಲ್ಲಿಸ್ತೀರಿ?”

“ನೆಲದಡಿಯ ಮೈನಸ್ ಎರಡರಲ್ಲಿ.”

“ಮೈನಸ್ ಒಂದು ಅದರ ಮೇಲೆ ಅಲ್ವಾ? ಸೊನ್ನೆಯಿಂದ ಕೆಳಗೆ ಹೋದ ಹಾಗೆ ಗೆರೆಯ ಪಕ್ಕದ ಅಂಕಿ ದೊಡ್ಡದಾಗ್ತದೆ. ಚಳಿ ಇರುವುದು ಕೆಳಗೆ. ಈಗ ಹೇಳಿ, ಆರು ಕೆಳಗಾ, ಹದಿನೆಂಟು ಕೆಳಗಾ?”

ಅವರು ಬೆರಳಿನಲ್ಲಿ ಕೆಳಗೆ ಎಣಿಸಿದರು. ಮುಖದ ಕಳೆ ಹೋಯಿತು.

ಹಳೆಯದರಲ್ಲಿದ್ದ ಡಬ್ಬ ತೆರೆದು ಚಮಚ ಹಾಕಿದೆ. ಗಂಜಿಯ ಹಾಗೆ ಮೆತ್ತಗಾಗಿತ್ತು.

“ಪುನಃ ಗಟ್ಟಿ ಮಾಡಿದ್ರೆ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ,” ಎಂದು ಮೆಲ್ಲಗೆ ಹೇಳಿದರು.

ಕರಗಿದ್ದು ಮತ್ತೆ ಗಟ್ಟಿಯಾದರೆ ನಾಲಿಗೆಗೆ ಮರಳಿನಂತೆ ಸಿಗುತ್ತದೆ. ಆಗ ಜನ ಹೇಳುವುದು ನನ್ನ ಹೆಸರು, ಅವರದ್ದಲ್ಲ. ಗೆರ್ಟ್ರೂಡ್ ಬಾಯಿಗೆ ಫೋನ್ ಮಾಡಿ ಆದದ್ದನ್ನು ಹೇಳಿದೆ. “ಆಯ್ತು ರಿಝ್ವಾನಾ, ಬೇರೆ ಕಡೆಯಿಂದ ತರಿಸ್ತೇನೆ,” ಎಂದರು. ಮೊರಿಸ್ ನನ್ನ ಫೋನ್ ಎತ್ತಲೇ ಇಲ್ಲ. ಅಳು ಬಂತು, ಸಿಟ್ಟೂ ಬಂತು.

ಸಮದ್ ಹೊಸ ಫ್ರೀಝರ್ ಆನ್ ಮಾಡಿ ಎದುರು ಸ್ಟೂಲ್ ಹಾಕಿಕೊಂಡು ಕುಳಿತರು. ನಾನು ಕರಗಿದ್ದನ್ನು ಚೆಲ್ಲಿ ಡಬ್ಬ ತೊಳೆಯುತ್ತಿದ್ದರೆ ಅಲ್ಲಿಂದ ಅವರ ಸ್ವರ ಕೇಳುತ್ತಿತ್ತು. “ಎಂಟು… ಸೊನ್ನೆ… ಮೈನಸ್ ನಾಲ್ಕು… ಮೈನಸ್ ಒಂಬತ್ತು, ಈಗ ಹಳೆಯದಕ್ಕಿಂತ ಕೆಳಗೆ!”

ಸಂಜೆಯ ಮಗ್ರಿಬ್ ಬಾಂಗ್ ಆದ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಮೈನಸ್ ಹದಿನೆಂಟಕ್ಕೆ ಇಳಿಯಿತು ರಿಝ್ವಾನಾ. ಬಾ, ಇಡು.”

ಇಡಲು ನನ್ನಲ್ಲಿ ಏನೂ ಇರಲಿಲ್ಲ.