ಹನ್ನೊಂದನೆಯ ಪ್ರಶ್ನೆ

ಶೇಖರಪ್ಪನವರು ಊರಲ್ಲಿ ತಲಾಠಿಯಾಗಿ ಸರ್ಕಾರದ ಲೆಕ್ಕಪತ್ರ ಬರೆದವರು. ದನಗಳ ಗಣತಿ ಬಂದರೆ ಚಾವಡಿ ಬಿಟ್ಟು ಏಳದೆ, ಕುಳಿತಲ್ಲೇ ಕಾಗದ ತುಂಬಿ ಮೇಲಿನವರಿಗೆ ಕಳಿಸಿದ ಕೈ ಅವರದು. ಹಾಗಾಗಿ ಮಗಳು ಮಧುರಾ ನಲವತ್ತು ಪ್ರಶ್ನೆಗಳ ಒಂದು ಪಟ್ಟಿಗೆ ವರ್ಷವಿಡೀ ತಲೆ ಕೆಡಿಸಿಕೊಂಡದ್ದು ಯಾಕೆಂದು ಅವರಿಗೆ ತಿಳಿದಿರಲಿಲ್ಲ.

ಗುಂಡೇಟಿಗೆ ಹುಡುಗರು ಸಾಯುವುದನ್ನು ತಡೆಯುವುದು ಹೇಗೆಂಬುದು ಅವಳ ಸಂಶೋಧನೆ. ಆ ಶನಿವಾರ ಕ್ರಾಸ್‌ರೋಡ್ಸ್ ಎಂಬಲ್ಲಿದ್ದ ತನ್ನ ಮನೆಯಿಂದ, ಊರಿನಿಂದ ಬಂದಿದ್ದ ಅಪ್ಪನನ್ನೂ ಕಾರಿನಲ್ಲಿ ಕೂರಿಸಿಕೊಂಡು ಸಿಯಾಟಲ್‌ನ ದಕ್ಷಿಣದ ಒಂದು ಬಡ ಬಡಾವಣೆಗೆ ಬಂದಳು. ಚರ್ಚಿನ ಊಟದ ಹಾಲ್‌ನಲ್ಲಿ ಅಲ್ಲಿಯ ಆರು ಜನ ಹೆಂಗಸರು ಕಾದಿದ್ದರು. ಅವರು ಒಪ್ಪಿದರೆ ಮಾತ್ರ ಮನೆಮನೆಗೆ ಹೋಗಿ ಕೇಳುವುದು. ಒಲ್ಲೆವೆಂದರೆ ಸಂಶೋಧನೆ ಅಲ್ಲಿಗೇ ಮುಗಿಯಿತು.

"ಅವರ್ನ ಏನ್ ಕೇಳೂದವಾ? ಓದಿದಾಕಿ ನೀನು," ಶೇಖರಪ್ಪನವರು ಗೊಣಗಿದರು.

"ಅಪ್ಪಾ, ಗುಂಡು ಹಾರೂದು ಅವರ ಓಣ್ಯಾಗ. ನಮ್ಮ ಓಣ್ಯಾಗಲ್ಲ. ಸುಮ್ಮನ ಕುಂದರ್ರಿ."

ಗುಂಡೇಟಿಗೆ ಮಗನನ್ನು ಕಳೆದುಕೊಂಡ ಲೊರೆಟ್ಟಾ ಎಂಬ ಹಿರಿಯಳು ಕನ್ನಡಕ ಏರಿಸಿಕೊಂಡು ಹನ್ನೊಂದನೆಯ ಪ್ರಶ್ನೆಗೆ ಬೆರಳಿಟ್ಟಳು. ನಿಮ್ಮ ಮನೆಯಲ್ಲಿ ಬಂದೂಕು ಇದೆಯೇ? ಶೇಖರಪ್ಪನವರ ಇಂಗ್ಲಿಷು ಅಷ್ಟು ಹಿಡಿಯುವುದಕ್ಕೆ ಸಾಕಾಗಿತ್ತು.

"ಇದನ್ನ ಕೇಳಿದ್ರೆ ಬಾಗಿಲು ಹಾಕ್ಕೋತಾರಮ್ಮ. ಪೊಲೀಸ್ನೋರು ಕೇಳೋದೂ ಇದನ್ನೇ," ಎಂದಳು ಲೊರೆಟ್ಟಾ.

"ಹಾಗಾದ್ರೆ ಏನು ಕೇಳಲಿ?" ಎಂದಳು ಮಧುರಾ.

ಲೊರೆಟ್ಟಾ ಕನ್ನಡಕ ತೆಗೆದಿಟ್ಟಳು. "ನಿಮ್ಮ ಮಗ ಸಿಟ್ಟಿಗೆದ್ದಾಗ ಯಾರ ಮಾತು ಕೇಳ್ತಾನೆ ಅಂತ ಕೇಳು. ನನ್ನ ಮಗನಿಗೆ ಅಂಥವರೊಬ್ಬರಿದ್ರು, ಅವನ ಬ್ಯಾಸ್ಕೆಟ್‌ಬಾಲ್ ಕೋಚು. ಆವತ್ತು ಅವರನ್ನ ಕರೀಬೇಕಂತ ಯಾರಿಗೂ ಹೊಳೀಲಿಲ್ಲ."

ಮಧುರಾ ತನ್ನ ಪ್ರಶ್ನೆಗೆ ಅಡ್ಡಗೆರೆ ಎಳೆದು, ಆಕೆಯದನ್ನು ಬರೆದುಕೊಂಡಳು. ಸಂಜೆಯಾಗುವುದರೊಳಗೆ ಹದಿನಾಲ್ಕು ಪ್ರಶ್ನೆಗಳು ಹೋದವು. ಶೇಖರಪ್ಪನವರಿಗೆ ಮೊದಮೊದಲು ಮೈ ಉರಿಯಿತು. ಒಂದು ವರ್ಷದ ದುಡಿಮೆ! ಆಮೇಲೆ ಮಗಳ ಮುಖ ನೋಡಿದರು. ಪ್ರತಿ ಗೆರೆಗೂ ಅದು ಇನ್ನಷ್ಟು ಅರಳುತ್ತಿತ್ತು. ಮೂವತ್ತು ವರ್ಷದ ನೌಕರಿಯಲ್ಲಿ ತಾವು ಒಬ್ಬರನ್ನಾದರೂ ಹೀಗೆ ಕೇಳಿದ್ದುಂಟೆ?

ಕೊನೆಗೆ ಅವಳು ಒಪ್ಪಿಗೆ ಕೇಳಿದಳು. ಐದು ಕೈಗಳು ಎದ್ದವು. ಲೊರೆಟ್ಟಾಳದು ಏಳಲಿಲ್ಲ. ಆಕೆ ಎದ್ದು ಕೋಟಿಗೆ ತೋಳು ತೂರಿಸುತ್ತಿದ್ದಳು.

"ಮೊದಲನೇ ಮನೆಗೆ ನಾನೂ ಬರ್ತೀನಿ. ಒಬ್ಬಳೇ ಹೋದ್ರೆ ನಿನಗ್ಯಾರು ಬಾಗಿಲು ತೆಗೀತಾರೆ? ಇವತ್ತೇ ನಡಿ."

ಇಬ್ಬರೂ ಬಾಗಿಲ ಕಡೆ ಹೊರಟರು. ಶೇಖರಪ್ಪನವರು ತಡೆಯಲಾರದೆ ಪಕ್ಕದಲ್ಲಿದ್ದ ಹೆಂಗಸಿಗೆ ಕೈ ಮಾಡಿ ತೋರಿಸಿದರು: "ಮೈ ಡಾಟರ್!"

"ಗೊತ್ತು ಸರ್," ಆಕೆ ನಕ್ಕಳು, "ಇದು ಮೂರನೇ ಸಲ ಹೇಳ್ತಿರೋದು."