ಹೊಗೆ ಕುಡಿದ ಹಲಗೆ

ಹೂವಪ್ಪನ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ನಾಲ್ಕೇ ದಿನ ಉಳಿದಿತ್ತು. ಜೋಗುಳ ಹೇಳಬೇಕಾದ ಕನ್ನಮ್ಮ ಹಾಡುವುದಿಲ್ಲ ಎಂದುಬಿಟ್ಟಿದ್ದಳು.

“ನನ್ನ ದನಿ ನನಗೇ ಕೇಳಲ್ಲ ತಮ್ಮಾ. ಎಲ್ಲಿ ಶುರು ಮಾಡಿ ಎಲ್ಲಿಗೆ ಹೋಗ್ತೀನೋ! ನಿನ್ನ ಹೆಂಡ್ತಿ ತವರಿನೋರು ಬಾಯಿಗೆ ಸೆರಗಿಟ್ಕೊಂಡು ನಗ್ಬೇಕಾ?”

ತಾಯಿ ತೀರಿಕೊಂಡ ಮೇಲೆ ಹೂವಪ್ಪನನ್ನು ಹಾಡಿ ಮಲಗಿಸಿ ಬೆಳೆಸಿದವಳು ಈ ಅಕ್ಕ. ಎರಡು ವರ್ಷದ ಹಿಂದೆ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಅವಳ ಊರನ್ನು ಮುಳುಗಿಸಿದಾಗ, ಜೋಗದ ವಿದ್ಯುದಾಗಾರದಲ್ಲಿ ಕೆಲಸಕ್ಕಿದ್ದ ತಮ್ಮನ ಕ್ವಾರ್ಟರ್ಸಿಗೆ ಬಂದಳು. ಬಂದ ವರ್ಷವೇ ಕಿವಿ ಮಂದವಾಯಿತು. “ಅಣೆಕಟ್ಟು ಕಟ್ಟಿದ್ಮೇಲೆ ಜೋಗ ಸದ್ದೇ ಮಾಡಲ್ಲ, ಅಲ್ವಾ?” ಎಂದು ಮಳೆಗಾಲದಲ್ಲೂ ಕೇಳುವಳು. ಕಿಟಕಿಯಾಚೆ ಜಲಪಾತ ಮೊರೆಯುತ್ತಿದ್ದರೂ ಹೂವಪ್ಪ ಹೌದೆಂದು ತಲೆಯಾಡಿಸುವನು.

ಅವಳಿಗಾಗಿ ಅವನು ಸದ್ದನ್ನು ದೊಡ್ಡದು ಮಾಡಿ ಕೇಳಿಸುವ ಪೆಟ್ಟಿಗೆಯೊಂದನ್ನು ಮಾಡಿದ್ದ. ಒಂದು ಸಣ್ಣ ಮೈಕು, ಮೂರು ಟ್ರಾನ್ಸಿಸ್ಟರು, ಬ್ಯಾಟರಿ, ಕಿವಿಗೆ ಹಿಡಿಯಲು ಹಳೆ ಟೆಲಿಫೋನಿನ ಬಿಲ್ಲೆ. ಎಲ್ಲವನ್ನೂ ಹಲಸಿನ ಹಲಗೆಯ ಮೇಲೆ ಕೂರಿಸಿದ್ದ. ಆದರೆ ಕಿವಿಗಿಟ್ಟರೆ ಬರೀ ಸೊರ್ ಎಂಬ ಸದ್ದು. ಮಾತೆಲ್ಲ ಅದರೊಳಗೆ ಕರಗಿಹೋಗುತ್ತಿತ್ತು.

ಸಾಗರ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ರಾಮಚಂದ್ರಪ್ಪ, ಹೂವಪ್ಪ ಒಯ್ದ ಹಲಗೆಯನ್ನು ಮೂಗಿನ ಹತ್ತಿರ ಹಿಡಿದರು.

“ಇದನ್ನ ಎಲ್ಲಿಟ್ಟಿದ್ಯಾ?”

“ಒಲೆ ಮೇಲಿನ ಅಟ್ಟದಲ್ಲಿ. ತೇವ ಹೋಗ್ಲಿ ಅಂತ ಒಂದು ತಿಂಗಳು.”

“ಮಾರಾಯ, ಇದೇನು ಹುಳಿಗೆ ಹಾಕೋ ವಾಟೆಕಾಯಿನಾ ಹೊಗೆಗಿಟ್ಟು ಒಣಗಿಸಕ್ಕೆ? ಮಸಿ ಇಳಿದಿದೆ. ಮಸಿಯಲ್ಲೂ ಕರೆಂಟು ಹರೀತದೆ. ಮರ ಬೇಡ. ಮಂಜು ಕುಡಿಯದ, ಕರೆಂಟು ಹರಿಯದ ಬೇಕಲೈಟ್ ತಟ್ಟೆ ಬೇಕು.”

“ಎಲ್ಲಿ ಸಿಗ್ತದೆ?”

“ಬೆಂಗಳೂರಿಂದ ಬರೋಕೆ ಹದಿನೈದು ದಿನ.”

ಹೂವಪ್ಪ ಹಲಗೆಯನ್ನೇ ಸವರುತ್ತ ನಿಂತ. ರಾಮಚಂದ್ರಪ್ಪ ಅವನ ಮುಖವನ್ನೊಮ್ಮೆ ನೋಡಿ ಎದ್ದರು. ಗೋಡೆಯ ಗೂಡಿನಲ್ಲಿ ಹಾಡುತ್ತಿದ್ದ ತಮ್ಮದೇ ರೇಡಿಯೋವನ್ನು ನಿಲ್ಲಿಸಿ, ಬಿಚ್ಚಿ, ಒಳಗಿನ ಕಂದು ಬೇಕಲೈಟ್ ತಟ್ಟೆಯನ್ನು ಹೊರತೆಗೆದರು. ಪಂಚೆಯ ಅಂಚಿನಿಂದ ಒರೆಸಿ, ಒದ್ದೆಯಾಗದಂತೆ ರೇಡಿಯೋ ಮುಚ್ಚುವ ಮೇಣಬಟ್ಟೆಯಲ್ಲೇ ಸುತ್ತಿಕೊಟ್ಟರು.

“ಅಯ್ಯೋ, ನಿಮ್ಮ ರೇಡಿಯೋ?”

“ಬೆಳಗಿಂದ ಒದರಿ ಒದರಿ ಅದಕ್ಕೂ ಸುಸ್ತಾಗಿದೆ. ಬಸ್ಸು ಹೊರಡ್ತದೆ, ಓಡು.”

ಬಸ್ಸಿನಲ್ಲಿ ಹೂವಪ್ಪ ಆ ಪೊಟ್ಟಣವನ್ನು ಎಳೆಗೂಸಿನಂತೆ ಮಡಿಲಲ್ಲಿಟ್ಟುಕೊಂಡ. ಹೊರಗೆ ಗುಡ್ಡಗಳು ಮಂಜಿನೊಳಗೆ ತೇಲಿ ಬಂದು ಮತ್ತೆ ಮಂಜಿಗೇ ಸೇರುತ್ತಿದ್ದವು. ಕಣ್ಣು ಮುಚ್ಚಿದರೆ ಅಕ್ಕನ ಹಳೆಯ ದನಿ ದೂರದ ದಡದಿಂದೆಂಬಂತೆ ಕೇಳುತ್ತಿತ್ತು. ಪದಗಳು ಮರೆತಿದ್ದವು, ರಾಗ ಮಾತ್ರ ಉಳಿದಿತ್ತು.

ಶಾಸ್ತ್ರದ ಬೆಳಿಗ್ಗೆ ಪೆಟ್ಟಿಗೆ ಸಿದ್ಧವಾಯಿತು. ಕನ್ನಮ್ಮ ಬಿಲ್ಲೆಯನ್ನು ಕಿವಿಗೊತ್ತಿ ಮುಖ ಕಿವುಚಿದಳು.

“ಮತ್ತೆ ಅದೇ ಸೊರ್ ಅಂತಿದೆಯಲ್ಲೋ.”

ಹೂವಪ್ಪ ಪೆಟ್ಟಿಗೆಯ ಮುಚ್ಚಳ ತೆಗೆದ. ಒಂದೊಂದೇ ಬೆಸುಗೆ ಮುಟ್ಟಿ ನೋಡಿದ. ಎಲ್ಲವೂ ಗಟ್ಟಿಯಿತ್ತು. ಅಷ್ಟರಲ್ಲಿ ಅವನ ಹೆಂಡತಿ ಯಮುನಮ್ಮ, ಮಗುವಿಗೆ ಎರಚಲು ತಾಗದಿರಲೆಂದು ಕಿಟಕಿ ಮುಚ್ಚಿದಳು.

“ಹಾಂ, ಈಗ ನಿಂತಿತು,” ಎಂದಳು ಕನ್ನಮ್ಮ.

ಹೂವಪ್ಪ ಕಿಟಕಿಯತ್ತ ನೋಡಿದ. ಮೆಲ್ಲಗೆ ಹೋಗಿ ಅದನ್ನು ಮತ್ತೆ ತೆರೆದ.

“ಅಕ್ಕಾ, ಅದು ಪೆಟ್ಟಿಗೆ ಸದ್ದಲ್ಲ. ಜೋಗ.”

ಕನ್ನಮ್ಮ ಬಹಳ ಹೊತ್ತು ಕೇಳಿದಳು. ಕಣ್ಣು ತುಂಬಿತು. “ಎರಡು ವರ್ಷದಿಂದ ಸುಳ್ಳು ಹೇಳಿದ್ಯಲ್ಲೋ ಕಳ್ಳಾ,” ಎಂದು ತಮ್ಮನ ಕಿವಿ ಹಿಂಡಿದಳು. ನಗುತ್ತ ಮಗುವನ್ನು ತೊಟ್ಟಿಲಿಗೆ ಹಾಕಿಸಿ ಹಗ್ಗ ಹಿಡಿದಳು.

“ಕಿಟಕಿ ಹಾಗೇ ಇರ್ಲಿ. ಮಗೂಗೆ ಕಂಬಳಿ ಹೊದಿಸು ಯಮುನಾ. ಶ್ರುತಿಗೆ ಜೋಗಾನೂ ಇರ್ಲಿ.”

ಒಂದು ಕೈಯಲ್ಲಿ ಬಿಲ್ಲೆ, ಇನ್ನೊಂದರಲ್ಲಿ ಹಗ್ಗ. ಮೊದಲ ಸಾಲು ತುಸು ನಡುಗಿತು. ಎರಡನೆಯದಕ್ಕೆ ದನಿ ದಾರಿ ಹಿಡಿಯಿತು.